ಯಾದೃಚ್ಛಿಕ ಕಥನ ಮತ್ತು ವೈವಿಧ್ಯದ ಪ್ರಶ್ನೆ

ಕಥೆಯನ್ನು ಘಟಕಗಳಾಗಿ ಬಿಡಿಸಿ ಮತ್ತೆ ಜೋಡಿಸಿದರೆ ಎಣಿಕೆಗೆ ಸಿಗದಷ್ಟು ಹೊಸ ಕಥೆಗಳು ಹುಟ್ಟುತ್ತವೆ ಎಂಬ ನಂಬಿಕೆಗೆ ಶಾಸ್ತ್ರೀಯ ಆಧಾರವಾಗಿ ಸಾಮಾನ್ಯವಾಗಿ ಉಲ್ಲೇಖಗೊಳ್ಳುವುದು ವ್ಲಾದಿಮಿರ್ ಪ್ರಾಪ್‌ನ 1928ರ ಅಧ್ಯಯನ. ಕನ್ನಡ ಜಾನಪದ ವಿದ್ವಾಂಸರಿಗೂ ಪರಿಚಿತವಾದ ಈ ಕೃತಿ ರಷ್ಯಾದ ಅದ್ಭುತ ಕಥೆಗಳಲ್ಲಿ 31 ಕಾರ್ಯಗಳನ್ನು ಗುರುತಿಸಿತು. ಆದರೆ ಪ್ರಾಪ್ ವಿವರಿಸಿದ್ದು ಕಥೆಗಳು ಹೇಗೆ ಒಂದೇ ಆಗಿವೆ ಎಂಬುದನ್ನು. ಸಾಮ್ಯದ ವ್ಯಾಕರಣವನ್ನೇ ಭಿನ್ನತೆಯ ಸೂತ್ರವೆಂದು ಭಾವಿಸಿದಲ್ಲಿ ಅನಂತರದ ಅನೇಕ ಪ್ರಯೋಗಗಳು ಎಡವಿವೆ.

ಸಂಖ್ಯೆಯ ಮೋಹಕ್ಕೆ ಫ್ರೆಂಚ್ ಲೇಖಕ ರೇಮೊಂ ಕೆನೊ 1961ರಲ್ಲಿ ಪ್ರಕಟಿಸಿದ ಕೃತಿ ಸ್ಪಷ್ಟ ನಿದರ್ಶನ. ಹತ್ತು ಸಾನೆಟ್‌ಗಳ ಹದಿನಾಲ್ಕು ಸಾಲುಗಳನ್ನೂ ಪಟ್ಟಿಗಳಾಗಿ ಕತ್ತರಿಸಿಟ್ಟ ಅದರಲ್ಲಿ ಒಂದು ಕೋಟಿ ಕೋಟಿ ಪದ್ಯಗಳು ಅಡಗಿವೆ. ಹಗಲಿರುಳು ಓದಿದರೂ ಸುಮಾರು 19 ಕೋಟಿ ವರ್ಷ ಬೇಕು. ಓದುಗನಾದರೋ ಹತ್ತಿಪ್ಪತ್ತು ಪದ್ಯಗಳಾಚೆ ಹೋಗುವುದು ಅಪರೂಪ. ಅಮೆರಿಕದ ಕೇಟ್ ಕಾಂಪ್ಟನ್ ಈ ತೊಡಕನ್ನು ಹತ್ತು ಸಾವಿರ ಬಟ್ಟಲು ಓಟ್ಸ್ ಗಂಜಿಗೆ ಹೋಲಿಸಿದ್ದಾರೆ: ಕಾಳುಗಳ ಜೋಡಣೆ ಪ್ರತಿ ಬಟ್ಟಲಿನಲ್ಲೂ ಬೇರೆ, ಉಣ್ಣುವವನಿಗೆ ಎಲ್ಲವೂ ಗಂಜಿಯೇ.

ಯೇಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಮೀಹನ್ 1976ರಲ್ಲಿ ಪೂರೈಸಿದ 'ಟೇಲ್-ಸ್ಪಿನ್' ಈ ದೃಷ್ಟಿಯಿಂದ ಹೆಚ್ಚು ಬೋಧಪ್ರದ. ಕಾಡಿನ ಪ್ರಾಣಿಗಳಿಗೆ ಹಸಿವು, ಬಾಯಾರಿಕೆ, ಸ್ನೇಹ, ಕಪಟಗಳನ್ನು ಕೊಟ್ಟು ಅವು ತಮ್ಮ ಗುರಿಗಾಗಿ ಯೋಜನೆ ಹೂಡುವಂತೆ ಮಾಡಿದ ಗಣಕಕಥನವಿದು. ಒಳಗಿನ ತರ್ಕ ಎಷ್ಟು ಸಂಕೀರ್ಣವಾಗಿದ್ದರೂ ಹೊರಬಂದ ಕಥೆಗಳು ಸಪ್ಪೆಯಾದವು. ಪಾತ್ರಗಳ ಮನೋವ್ಯಾಪಾರ ವಾಕ್ಯಗಳಲ್ಲಿ ಮೂಡಲಿಲ್ಲ. ಈ ಅಂತರಕ್ಕೆ ನೋವಾ ವಾರ್ಡ್ರಿಪ್-ಫ್ರುಯಿನ್ 2009ರ ಗ್ರಂಥದಲ್ಲಿ ಆ ಕಾರ್ಯಕ್ರಮದ ಹೆಸರನ್ನೇ ಇಟ್ಟರು. ವಿಚಿತ್ರವೆಂದರೆ, ಇಂದಿಗೂ ನೆನಪಿನಲ್ಲಿ ಉಳಿದಿರುವುದು ಅದರ ಕೆಟ್ಟುಹೋದ ಕಥೆಗಳು. ಒಂದರಲ್ಲಿ ಇರುವೆ ನದಿಗೆ ಬೀಳುತ್ತದೆ. ಬೀಳಿಸಿದ ಗುರುತ್ವಾಕರ್ಷಣೆಯನ್ನೂ ಪಾತ್ರವೆಂದೇ ಎಣಿಸಿದ ಯಂತ್ರ ಅದನ್ನೂ ನೀರಿಗಿಳಿಸುತ್ತದೆ. ಕಾಲಿಲ್ಲದ, ರೆಕ್ಕೆಯಿಲ್ಲದ, ಕೂಗಿ ಕರೆಯಲು ಗೆಳೆಯರಿಲ್ಲದ ಗುರುತ್ವಾಕರ್ಷಣೆ ಮುಳುಗಿ ಸಾಯುತ್ತದೆ. ದೋಷವೇ ಇಲ್ಲಿ ವೈಶಿಷ್ಟ್ಯವಾಯಿತು. ಏಕೆಂದರೆ ಆ ಲೋಕದ ನಿಯಮವೊಂದು ಮೊದಲ ಬಾರಿಗೆ ಓದುಗನ ಕಣ್ಣಿಗೆ ಬಿತ್ತು. ಸರಿಯಾದ ಕಥೆಗಳಲ್ಲಿ ಅದು ಬಚ್ಚಿಟ್ಟುಕೊಂಡಿತ್ತು.

ಇತಾಲೊ ಕಾಲ್ವಿನೊ ಯಂತ್ರವಿಲ್ಲದೆಯೇ ಈ ಸಮಸ್ಯೆಯ ಬುಡಕ್ಕೆ ಕೈಹಾಕಿದ. 1973ರ 'ಅಡ್ಡಹಾಯ್ದ ವಿಧಿಗಳ ಕೋಟೆ'ಯಲ್ಲಿ ಮಾತು ಕಳೆದುಕೊಂಡ ಪ್ರಯಾಣಿಕರು ಟ್ಯಾರೋ ಎಲೆಗಳನ್ನು ಮೇಜಿನ ಮೇಲೆ ಜೋಡಿಸಿ ತಮ್ಮ ಕಥೆ ಹೇಳುತ್ತಾರೆ. ಎಲೆಗಳು ಮಿತವಾಗಿರುವುದರಿಂದ ಒಬ್ಬನ ಸಾಲು ಇನ್ನೊಬ್ಬನ ಸಾಲನ್ನು ಹಾದುಹೋಗಲೇಬೇಕು. ಒಬ್ಬನಿಗೆ ಸೋಲಾದ ಎಲೆ ಮತ್ತೊಬ್ಬನಿಗೆ ಬೇರೇನೋ ಆಗುತ್ತದೆ. ಘಟಕಗಳನ್ನು ಹೆಚ್ಚಿಸದೆ, ಅವುಗಳ ನೆರೆಹೊರೆಯನ್ನು ಬದಲಿಸಿ ಕಾಲ್ವಿನೊ ಭಿನ್ನತೆಯನ್ನು ಪಡೆದ. ಕೆನೊನ ಸಾಲುಗಳಿಗೆ ಈ ಭಾಗ್ಯವಿಲ್ಲ: ಎಲ್ಲಿಟ್ಟರೂ ಹೊಂದಬೇಕೆಂಬ ಕರಾರಿನಿಂದಾಗಿ ಅವು ಪಕ್ಕದ ಸಾಲಿನಿಂದ ಅಷ್ಟಾಗಿ ಬದಲಾಗುವುದಿಲ್ಲ.

ಇದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಎಲೆಗಳನ್ನು ಹರಡುತ್ತ, ಕೆಡಿಸುತ್ತ ದಿನಗಟ್ಟಲೆ ಕಳೆದ ಕಾಲ್ವಿನೊ, ಆ ಗೀಳಿನಿಂದ ಪಾರಾಗಲೆಂದೇ ಪುಸ್ತಕವನ್ನು ಪ್ರಕಟಿಸಿದುದಾಗಿ ಅದರ ಟಿಪ್ಪಣಿಯಲ್ಲಿ ತಿಳಿಸಿದ್ದಾನೆ. ಪತ್ರಿಕೆಗಳ ಚಿತ್ರಕಥೆಗಳನ್ನು ಬಳಸಿ ಬರೆಯಬೇಕೆಂದಿದ್ದ ಮೂರನೆಯ ಭಾಗವನ್ನು ಆತ ಬರೆಯಲೇ ಇಲ್ಲ.