ಒಂಬತ್ತನೇ ಕಾಲಂನಲ್ಲಿ ಪಟ್ಟೇದಾರ

ಕರ್ನಾಟಕದ ಭೂದಾಖಲೆಗಳ ‘ಭೂಮಿ’ ತಂತ್ರಾಂಶದ ಗುಣದೋಷ ಹೇಳಲು ಹೊರಟವರು ಮೊದಲು ಅದು ಬರುವ ಮುಂಚಿನ ದಿನಗಳನ್ನು ನೆನಪಿಸಿಕೊಳ್ಳಬೇಕು. ಆಗ ರಾಜ್ಯದ ಜಮೀನಿನ ದಾಖಲೆಯೆಲ್ಲ ಸುಮಾರು ಒಂಬತ್ತು ಸಾವಿರ ಗ್ರಾಮ ಲೆಕ್ಕಿಗರ ಕೈಬರಹದಲ್ಲಿ, ಅವರವರ ವಶದಲ್ಲಿದ್ದ ಪುಸ್ತಕಗಳಲ್ಲಿ ಇತ್ತು. ಪಹಣಿ ಬೇಕೆಂದರೆ ಲೆಕ್ಕಿಗರು ಇವತ್ತು ಯಾವ ಊರಿನಲ್ಲಿದ್ದಾರೆ ಎಂದು ವಿಚಾರಿಸಿ, ಅವರ ಬಿಡುವು ಕಾದು, ಎಷ್ಟೋ ಸಲ ಕೈ ಬೆಚ್ಚಗೆ ಮಾಡಿ ಬರೆಸಿಕೊಂಡು ಬರಬೇಕಿತ್ತು. ಪುಸ್ತಕದಲ್ಲಿ ಒಂದು ಹೆಸರು ಹೋಗಿ ಇನ್ನೊಂದು ಬಂದರೆ ಜಮೀನಿನ ಮಾಲೀಕನಿಗೆ ಅದು ತಿಳಿಯುವಾಗ ವರ್ಷಗಳೇ ಕಳೆದಿರುತ್ತಿದ್ದವು.

2000ದ ಆಸುಪಾಸಿನಲ್ಲಿ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ 67 ಲಕ್ಷ ರೈತರ ಸುಮಾರು ಎರಡು ಕೋಟಿ ಪಹಣಿಗಳು ಎನ್‌ಐಸಿ ರೂಪಿಸಿದ ತಂತ್ರಾಂಶದೊಳಗೆ ಬಂದವು. ಕೈಬರಹದ ಪಹಣಿ ಇನ್ನು ಊರ್ಜಿತವಲ್ಲ ಎಂದು ಸರ್ಕಾರ ಖಡಾಖಂಡಿತವಾಗಿ ಹೇಳಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪ್ರಿಂಟ್ ಕೈಗೆ ಬರುವಂತಾಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕು, ಹಿಂದಿನವನನ್ನು ಮುಂದಕ್ಕೆ ತರುವಂತಿಲ್ಲ; ಒಳಗೆ ಕೆಲಸ ಮಾಡುವವರು ಬೆರಳಚ್ಚು ಕೊಟ್ಟೇ ಕೂರಬೇಕು, ಯಾರು ಏನು ತಿದ್ದಿದರು ಎಂಬುದು ದಾಖಲಾಗಬೇಕು. ಈ ಎರಡು ಕಟ್ಟುಗಳನ್ನು ಯೋಚಿಸಿದವರ ಬಗ್ಗೆ ನನಗೆ ಇವತ್ತಿಗೂ ಗೌರವವಿದೆ. ಅಧಿಕಾರಿಯ ಮರ್ಜಿಗೆ ಲಗಾಮು ಹಾಕಬೇಕೆಂದು ತಿಳಿದೇ ಮಾಡಿದ ಕೆಲಸ ಅದು.

ವಿರಾಜಪೇಟೆ ತಾಲ್ಲೂಕಿನಲ್ಲಿ ಕುಳಿತು ನೋಡಿದರೆ ಅದೇ ಲಗಾಮು ನಮ್ಮ ಕುತ್ತಿಗೆಗೂ ಬಿದ್ದಿರುವುದು ಕಾಣುತ್ತದೆ.

ಕೊಡಗಿನ ಜಮೀನಿನ ಲೆಕ್ಕ ಮೈಸೂರು, ಮಂಡ್ಯದ ಲೆಕ್ಕವಲ್ಲ. ಇಲ್ಲಿ ಜಮ್ಮಾ ಹಿಡುವಳಿ ಇದೆ. ಅರಸರ ಕಾಲದಿಂದ ಬಂದ, ಅರ್ಧ ಕಂದಾಯದ ಗದ್ದೆ. ಆ ಗದ್ದೆಗೆ ಸೊಪ್ಪು, ಸೌದೆ, ಮೇವಿಗೆಂದು ಸೇರಿಸಿಕೊಟ್ಟ ಬಾಣೆ. ಕಾಲಾನಂತರ ಬಾಣೆಯಲ್ಲಿ ಕಾಫಿ ಬಂತು, ಮರಕ್ಕೆ ಕರಿಮೆಣಸು ಹಬ್ಬಿತು. ಇವತ್ತು ಎಷ್ಟೋ ಮನೆಗಳ ಅನ್ನ ಬಾಣೆಯಿಂದಲೇ ಬರುತ್ತಿದೆ. ಮಣ್ಣಿನ ಹಕ್ಕು ಒಂದು ಲೆಕ್ಕವಾದರೆ ಅದರ ಮೇಲಿನ ಮರದ ಹಕ್ಕು ಇನ್ನೊಂದು ಲೆಕ್ಕ: ಮರದ ಬೆಲೆ ಸರ್ಕಾರಕ್ಕೆ ಕಟ್ಟಿದ್ದರೆ ರಿಡೀಮ್ಡ್, ಇಲ್ಲದಿದ್ದರೆ ಅನ್‌ರಿಡೀಮ್ಡ್ ಎಂದು ಊರಿನ ಹಿರಿಯರು ಸಲೀಸಾಗಿ ಆಡುವ ಮಾತೇ ಅದು. ಹಿಡುವಳಿ ಒಬ್ಬನದಲ್ಲ, ಒಕ್ಕದ್ದು, ಅಂದರೆ ಇಡೀ ಮನೆತನದ್ದು. ದಾಖಲೆಗೆ ಮಾತ್ರ ಒಕ್ಕದ ಹಿರಿಯನೊಬ್ಬ ಪಟ್ಟೇದಾರ. 1899ರ ಕೊಡಗು ಭೂಕಂದಾಯ ರೆಗ್ಯುಲೇಷನ್ನಿನ ಹಿಂದೆ ಇದ್ದದ್ದು ಈ ವ್ಯವಸ್ಥೆ. 1956ರಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು, 1964ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಭೂಕಂದಾಯ ಕಾಯ್ದೆ ಬಂತು. ಆಮೇಲೂ ಹಳೆಯ ಪಟ್ಟೇದಾರರ ಹೆಸರು ದಾಖಲೆಯಿಂದ ಕದಲಲಿಲ್ಲ.

ಪರದೆಯ ಮೇಲೆ ಇದು ಹೇಗೆ ಕಾಣುತ್ತದೆ ನೋಡಿ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಒಂದೊಂದಾಗಿ ಆರಿಸಬೇಕು. 2020ರಲ್ಲಿ ಪೊನ್ನಂಪೇಟೆ ಬೇರೆ ತಾಲ್ಲೂಕಾದ ಮೇಲೂ ಹುದಿಕೇರಿ, ಶ್ರೀಮಂಗಲದ ಕಡೆಯ ಹಿರಿಯರು ಅಭ್ಯಾಸದಿಂದ ವಿರಾಜಪೇಟೆ ಎಂದೇ ಹೇಳಿ, ಪಟ್ಟಿಯಲ್ಲಿ ತಮ್ಮ ಊರಿಲ್ಲವೆಂದು ಗಾಬರಿಯಾಗುತ್ತಾರೆ. ಸರ್ವೆ ನಂಬರ್ ಹಾಕಿದ ಮೇಲೆ ‘ಸರ್‌ನಾಕ್’ ಎಂಬ ಚೌಕದಲ್ಲಿ ಒಂದು ನಕ್ಷತ್ರ ಚಿಹ್ನೆ. ಅದನ್ನು ಏಕೆ ಒತ್ತಬೇಕೆಂದು ಒತ್ತುವವರಿಗೆ ಯಾರೂ ಹೇಳಿಕೊಟ್ಟಿಲ್ಲ. ಬಳಿಕ ಹಿಸ್ಸಾ, ಅವಧಿ, ವರ್ಷ. ಕೊನೆಗೆ ಪಹಣಿ ತೆರೆದುಕೊಳ್ಳುತ್ತದೆ. ಎಲ್ಲರ ಕಣ್ಣು ಹೋಗುವುದು ಒಂಬತ್ತನೇ ಕಾಲಂಗೆ, ಅಂದರೆ ಸ್ವಾಧೀನದಾರರ ಹೆಸರಿಗೆ.

ಕಂಪ್ಯೂಟರ್ ಅಂಗಡಿಯ ಹುಡುಗಿ ಹೆಸರು ಓದಿ, ‘ಅಂಕಲ್, ಇವರ ಆಧಾರ್ ನಂಬರ್ ಹೇಳಿ’ ಎನ್ನುತ್ತಾಳೆ.

‘ಅವರು ನನ್ನ ಮುತ್ತಜ್ಜನ ಅಣ್ಣ, ಮಗಾ. ನಾನೇ ಅವರನ್ನು ನೋಡಿದವನಲ್ಲ.’

ಆ ಅಂಕಲ್ ಆ ತೋಟದಲ್ಲೇ ಹುಟ್ಟಿ, ಅಲ್ಲೇ ಕಾಫಿ ಕೊಯ್ದು, ಕಂದಾಯ ಕಟ್ಟಿಕೊಂಡು ಬಂದವರು. ತಂತ್ರಾಂಶದ ಪಾಲಿಗೆ ಅವರು ಯಾರೂ ಅಲ್ಲ.

ಇಷ್ಟಕ್ಕೇ ನಿಂತಿದ್ದರೆ ಹಳೆಯ ಸಂಕಟವೆಂದು ಸುಮ್ಮನಿರಬಹುದಿತ್ತು. ಕಳೆದ ಕೆಲವು ವರ್ಷಗಳಲ್ಲಿ ಒಂದು ತಂತ್ರಾಂಶಕ್ಕೆ ಇನ್ನೊಂದನ್ನು ಹೆಣೆದಿದ್ದಾರೆ. ರೈತನ ಗುರುತಿಗೆ ‘ಫ್ರೂಟ್ಸ್’, ಅದರಲ್ಲಿ ಗುರುತಿನ ಸಂಖ್ಯೆಯಾಗಿ ಎಫ್‌ಐಡಿ. ಮಳೆಗೆ ಬೆಳೆ ಹೋದರೆ ‘ಪರಿಹಾರ’, ಅದು ಕೇಳುವುದು ಎಫ್‌ಐಡಿ. ಎಫ್‌ಐಡಿಗೆ ಪಹಣಿಯಲ್ಲಿ ಹೆಸರು ಬೇಕು. ಜಮೀನಿನ ಒಂದು ಭಾಗ ಮಾರಬೇಕಾದರೆ ‘ಮೋಜಿಣಿ’ಯಿಂದ 11ಇ ನಕ್ಷೆ, ನೋಂದಣಿಗೆ ‘ಕಾವೇರಿ’. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಕೆಲಸ ರಾಜ್ಯದಾದ್ಯಂತ ನಡೆಯಿತು. ಹೀಗೆ ಹೆಣೆದದ್ದರಿಂದ ಪ್ರಯೋಜನ ದೊಡ್ಡದು. ನೋಂದಣಿಯಾದ ಕ್ರಯಪತ್ರದ ವಿವರ ತಾನಾಗಿ ಭೂಮಿಗೆ ಹೋಗುತ್ತದೆ, ಪರಿಹಾರದ ಹಣ ಮಧ್ಯದವರ ಕೈ ತಾಗದೆ ಖಾತೆಗೆ ಬೀಳುತ್ತದೆ. ಆದರೆ ಒಂದು ಕಡೆಯ ಕೊರತೆ ಅಷ್ಟೂ ಕಡೆಗೆ ಹರಡುತ್ತದೆ. ಹಿಂದೆ ಪಹಣಿಯಲ್ಲಿ ಹೆಸರಿಲ್ಲದವನಿಗೆ ಪಹಣಿಯದೊಂದೇ ತಾಪತ್ರಯ. ಈಗ ಅವನಿಗೆ ಸಾಲ, ವಿಮೆ, ಬೆಳೆ ಪರಿಹಾರ ಎಲ್ಲ ಕಡೆಯೂ ಬಾಗಿಲು ಮುಚ್ಚುತ್ತದೆ. ಕೊಳೆರೋಗದಿಂದ ಕಾಫಿ ಉದುರಿದ ವರ್ಷ ಇದು ಎಷ್ಟು ಕ್ರೂರವಾಗಿ ತಾಕುತ್ತದೆ ಎಂಬುದು ಅಮ್ಮತ್ತಿ, ಸಿದ್ದಾಪುರದ ಕಡೆಯ ಸಣ್ಣ ಬೆಳೆಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ತಪ್ಪು ಕಾನೂನಿನದು, ತಂತ್ರಾಂಶ ಏನು ಮಾಡೀತು ಎಂದು ಕೆಲವರು ವಾದಿಸುತ್ತಾರೆ. ಜಮ್ಮಾ ಹಿಡುವಳಿಯ ಗೋಜಲನ್ನು ಶಾಸನಸಭೆಯೇ ಬಿಡಿಸಬೇಕು ಎಂಬುದು ನಿಜ. ಆದರೂ ಈ ವಾದ ತಂತ್ರಾಂಶವನ್ನು ತೀರ ಸುಲಭವಾಗಿ ಬಿಟ್ಟುಬಿಡುತ್ತದೆ. ಕಾಗದದ ಕಾಲದಲ್ಲಿ ನಿಯಮಕ್ಕೆ ಹೊಂದದ ಪ್ರಕರಣ ಬಂದರೆ ಶಿರಸ್ತೇದಾರರು ಪಕ್ಕದಲ್ಲಿ ಷರಾ ಬರೆದು ಮೇಲಿನವರಿಗೆ ಕಳಿಸಬಹುದಿತ್ತು. ಆ ಅವಕಾಶವನ್ನು ದುಡ್ಡಿಗೆ ಮಾರಿಕೊಂಡವರಿದ್ದರು ನಿಜ, ಅದೇ ಅವಕಾಶದಿಂದ ನ್ಯಾಯ ಮಾಡಿದವರೂ ಇದ್ದರು. ಈಗ ಕೌಂಟರಿನಲ್ಲಿ ಕುಳಿತವರು ಪ್ರಾಮಾಣಿಕರಾಗಿದ್ದರೂ, ಎದುರಿಗಿರುವವರ ಕಷ್ಟ ಪೂರ್ತಿ ಅರ್ಥವಾಗಿದ್ದರೂ ‘ಸಿಸ್ಟಂ ತಗೊಳ್ತಾ ಇಲ್ಲ’ ಎಂದಷ್ಟೇ ಹೇಳಬಲ್ಲರು. ಅವರ ಮೇಲೆ ರೇಗಿ ಫಲವಿಲ್ಲ. 2007ರಲ್ಲಿ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಭೂಮಿ ಯೋಜನೆಯ ಬಗ್ಗೆ ಬರೆದ ಅಧ್ಯಯನದಲ್ಲಿ, ಊರಿನ ಮಟ್ಟದಲ್ಲಿ ತೀರ್ಮಾನವಾಗುತ್ತಿದ್ದದ್ದು ಮೇಲಕ್ಕೆ ಹೋದಾಗ ದೊಡ್ಡ ಕುಳಗಳಿಗೇ ಅನುಕೂಲವಾಯಿತು ಎಂದು ಬೆಂಗಳೂರು ಸುತ್ತಲಿನ ಉದಾಹರಣೆಯಿಂದ ವಾದಿಸಿದ್ದರು. ಅವರ ಮಾತನ್ನು ನಾನು ಇಡಿಯಾಗಿ ಒಪ್ಪುವುದಿಲ್ಲ. ಹಳೆಯ ಲೆಕ್ಕಿಗರ ರಾಜ್ಯ ಬಡವರದಾಗಿರಲಿಲ್ಲ. ಆದರೆ ತೀರ್ಮಾನ ಯಾರ ಕೈಯಲ್ಲಿದೆ ಎಂಬುದು ಅರ್ಜಿದಾರನಿಗೆ ಕಾಣದೆ ಹೋಯಿತು ಎಂಬ ಅವರ ಆತಂಕ ಕೊಡಗಿನಲ್ಲಿ ಅಕ್ಷರಶಃ ನಿಜವಾಗಿದೆ.

ಸರ್ವರ್, ನೆಟ್‌ವರ್ಕಿನ ಗೋಳು ಎಲ್ಲರೂ ಬಲ್ಲದ್ದೇ. ಜೂನ್, ಜುಲೈಯಲ್ಲಿ ಮರ ಬಿದ್ದು ಕರೆಂಟ್ ಹೋದರೆ ಟವರ್ ಸಾಯುತ್ತದೆ, ಓಟಿಪಿ ಬರುವ ಹೊತ್ತಿಗೆ ಅದರ ಅವಧಿ ಮುಗಿದಿರುತ್ತದೆ. 2023ರ ಕಾವೇರಿ 2.0ರಲ್ಲಿ ಮನೆಯಿಂದಲೇ ದಾಖಲೆ ಏರಿಸಿ, ಸಮಯ ಗೊತ್ತುಮಾಡಿಕೊಂಡು ಉಪನೋಂದಣಾಧಿಕಾರಿ ಕಚೇರಿಗೆ ಹೋಗಬಹುದು. ದಿನವಿಡೀ ಬೆಂಚಿನ ಮೇಲೆ ಕಾಯುತ್ತಿದ್ದವರಿಗೆ ಅದು ಎಷ್ಟು ದೊಡ್ಡ ಉಪಕಾರ ಎಂದು ಗೊತ್ತು. 2025ರ ಆರಂಭದಲ್ಲಿ ಅದರ ಮೇಲೆ ಸೈಬರ್ ದಾಳಿ ನಡೆದಾಗ ನೋಂದಣಿ ರಾಜ್ಯದಾದ್ಯಂತ ಕುಂಟಿತು. ಇಂಥವು ರಿಪೇರಿಯಾಗುವ ತೊಂದರೆಗಳು, ಆಗುತ್ತಲೂ ಇವೆ.

ರಿಪೇರಿಗೆ ಯಾರೂ ಕೈಹಾಕದಿರುವುದು ಪಹಣಿಯ ನಮೂನೆಗೆ. ಒಕ್ಕದ ವಂಶವೃಕ್ಷ ಇಂದಿಗೂ ಲಗತ್ತಿಸುವ ಕಾಗದವಾಗಿಯೇ ಉಳಿದಿದೆ. ಅದನ್ನು ಪಹಣಿಯ ಜೊತೆ ಓದಬಲ್ಲ ದಾಖಲೆಯಾಗಿ ಏಕೆ ಸೇರಿಸಬಾರದು? ಒಕ್ಕದ ಇಂಥ ಸದಸ್ಯ ಇಷ್ಟು ಏಕರೆ, ಇಷ್ಟು ಸೆಂಟ್ ಸಾಗುವಳಿ ಮಾಡುತ್ತಿದ್ದಾರೆ, ಉಳಿದವರ ಒಪ್ಪಿಗೆ ಇದೆ ಎಂಬುದನ್ನು ಪರಿಹಾರಕ್ಕೂ ಬೆಳೆಸಾಲಕ್ಕೂ ಸಾಕೆನ್ನುವಷ್ಟರ ಮಟ್ಟಿಗೆ ದಾಖಲಿಸಲು ಅಡ್ಡಿ ಏನು? ಒಡೆತನದ ವ್ಯಾಜ್ಯ ಅದರಿಂದ ತೀರಬೇಕಾಗಿಲ್ಲ, ಈ ವರ್ಷದ ಗೊಬ್ಬರಕ್ಕೆ ದುಡ್ಡು ಹುಟ್ಟಿದರೆ ಸಾಕು. ಇನ್ನೊಂದು ಕೆಲಸಕ್ಕಂತೂ ಯಾವ ಕಾಯ್ದೆಯ ತಿದ್ದುಪಡಿಯೂ ಬೇಕಿಲ್ಲ. ಅರ್ಜಿ ತಿರಸ್ಕೃತವಾದಾಗ ಪರದೆಯ ಮೇಲೆ ಒಂದು ಕೋಡ್ ನಂಬರ್ ತೋರಿಸಿ ಕೈತೊಳೆದುಕೊಳ್ಳಬಾರದು. ಯಾವ ಕಾರಣಕ್ಕೆ ತಿರಸ್ಕರಿಸಲಾಯಿತು, ಯಾವ ಅಧಿಕಾರಿಗೆ, ಎಷ್ಟು ದಿನದೊಳಗೆ ಮೇಲ್ಮನವಿ ಕೊಡಬಹುದು ಎಂದು ಎರಡು ಸಾಲು ಕನ್ನಡದಲ್ಲಿ ಅಚ್ಚಾಗಿ ಅರ್ಜಿದಾರರ ಕೈಗೆ ಬರಬೇಕು.