ಹವ್ಯಾಸವೆಂಬ ಹೆಸರಿನಲ್ಲಿ ಟ್ಯಾರೋ: ಎಲೆಗಳನ್ನು ನೋಡಿ ಮಾಡಿದ ಒಂದು ವಿಮರ್ಶೆ

ನಾಗರಬಾವಿ ಓದುವವರ ಬಡಾವಣೆ. ರಾಷ್ಟ್ರೀಯ ಕಾನೂನು ಶಾಲೆ, ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಅವುಗಳಿಗೆ ಹತ್ತಿರದಲ್ಲೇ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ. ಇವುಗಳ ಸುತ್ತ ಬೆಳೆದ ಪಿ.ಜಿ. ಮನೆಗಳಲ್ಲಿ ಊರು ಬಿಟ್ಟು ಬಂದ ಯುವಜನರು ನೆಲೆಸಿದ್ದಾರೆ. ಅವರ ಮೇಜಿನ ಮೇಲೆ ಇಸ್ಪೀಟಿನ ಕಟ್ಟಿಗಿಂತ ತುಸು ಉದ್ದನೆಯ ಟ್ಯಾರೋ ಕಟ್ಟೊಂದು ಕಾಣಿಸಿಕೊಳ್ಳುವುದು ಈಗ ಅಪರೂಪವಲ್ಲ. ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ‘ಇದು ಭವಿಷ್ಯ ಕೇಳೋದಲ್ಲ ಫಾದರ್, ಸುಮ್ಮನೆ ಹವ್ಯಾಸ.’ ಈ ಉತ್ತರವನ್ನು ಸುಳ್ಳೆಂದು ತಳ್ಳಿಹಾಕುವುದು ನ್ಯಾಯವಲ್ಲ. ಪರೀಕ್ಷಿಸದೆ ಒಪ್ಪಿಕೊಳ್ಳುವುದು ಪಾಲನಾ ಸೇವೆಯಲ್ಲ.

ಧರ್ಮಕೇಂದ್ರಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಪ್ರತಿಕ್ರಿಯೆಗಳು ಕೇಳಿಬರುತ್ತವೆ. ಕೆಲವರು ಬೆಚ್ಚಿಬಿದ್ದು, ಸೈತಾನನ ಸಾಮಗ್ರಿಯೆಂದು ಸುಡಿಸುತ್ತಾರೆ. ಕೆಲವರು ನಕ್ಕು ಬಿಟ್ಟುಬಿಡುತ್ತಾರೆ. (ಎಫೆಸದಲ್ಲಿ ಮಾಟದ ಪುಸ್ತಕಗಳನ್ನು ಸುಟ್ಟವರು ಪ್ರೇಷಿತರಲ್ಲ, ಆ ಪುಸ್ತಕಗಳ ಒಡೆಯರೇ ಎಂಬುದನ್ನು ಮೊದಲನೆಯ ಗುಂಪಿನವರು ಗಮನಿಸಬೇಕು.) ಎರಡೂ ಗುಂಪಿನವರಿಗೆ ಸಮಾನವಾದ ಒಂದು ಕೊರತೆಯಿದೆ: ಯಾರೂ ಎಲೆಗಳನ್ನು ನೋಡುವುದಿಲ್ಲ. ಈ ಲೇಖನದಲ್ಲಿ ನಾವು ಆ ಕೆಲಸವನ್ನು ಮೊದಲು ಮಾಡಲು ಬಯಸುತ್ತೇವೆ.

ಟ್ಯಾರೋ ಹುಟ್ಟಿದ್ದು ಆಟವಾಗಿ. 15ನೆಯ ಶತಮಾನದ ಉತ್ತರ ಇಟಲಿಯ ಆಸ್ಥಾನಗಳಲ್ಲಿ ಸಾಮಾನ್ಯ ಎಲೆಗಳಿಗೆ ಚಿತ್ರಗಳಿದ್ದ ತುರುಫು ಎಲೆಗಳನ್ನು ಸೇರಿಸಿ ಆಡತೊಡಗಿದರು. ಫ್ರಾನ್ಸ್ ಮತ್ತು ಆಸ್ಟ್ರಿಯಾಗಳಲ್ಲಿ ಇಂದಿಗೂ ಅದು ಆಟವಾಗಿಯೇ ಉಳಿದಿದೆ. ಇದನ್ನು ಪುರಾವೆಗಳ ಸಹಿತ ವಿವರಿಸಿದ ಬೃಹತ್ ಗ್ರಂಥವನ್ನು 1980ರಲ್ಲಿ ಪ್ರಕಟಿಸಿದವರು ಮೈಕೇಲ್ ಡಮ್ಮೆಟ್, ಆಕ್ಸ್‌ಫರ್ಡ್‌ನ ತತ್ತ್ವಶಾಸ್ತ್ರಜ್ಞರು ಮತ್ತು ಶ್ರದ್ಧಾವಂತ ಕಥೋಲಿಕರು. ಎಲೆಗಳಿಗೆ ರಹಸ್ಯಾರ್ಥ ಅಂಟಿಕೊಂಡದ್ದು 1781ರಲ್ಲಿ. ಆಗ ಕೂರ್ ದ ಜೆಬಲಾಂ ಎಂಬ ಫ್ರೆಂಚ್ ವಿದ್ವಾಂಸ, ಇವು ಪ್ರಾಚೀನ ಈಜಿಪ್ಟಿನ ಪುರೋಹಿತರ ಜ್ಞಾನಗ್ರಂಥದ ಅವಶೇಷಗಳೆಂದು ಘೋಷಿಸಿದ. ಈಜಿಪ್ಟಿನ ಚಿತ್ರಲಿಪಿಯನ್ನು ಶಾಂಪೋಲಿಯೋ ಬಿಡಿಸಿದ್ದು 1822ರಲ್ಲಿ ಎಂಬುದನ್ನು ನೆನೆದರೆ ಆ ಘೋಷಣೆಯ ಬೆಲೆ ತಿಳಿಯುತ್ತದೆ. ಮುಂದೆ 1850ರ ದಶಕದಲ್ಲಿ ಎಲಿಫಾಸ್ ಲೆವಿ ಎಂಬ ಹೆಸರಿನಿಂದ ಬರೆದವನು ಇಪ್ಪತ್ತೆರಡು ತುರುಫು ಎಲೆಗಳನ್ನು ಹೀಬ್ರೂ ಭಾಷೆಯ ಇಪ್ಪತ್ತೆರಡು ಅಕ್ಷರಗಳಿಗೆ ಜೋಡಿಸಿದ. ಜೆಬಲಾಂ ಪ್ರಾಟೆಸ್ಟೆಂಟ್ ಬೋಧಕನಾಗಿದ್ದವನು. ಲೆವಿ ಪ್ಯಾರಿಸ್ಸಿನ ಸಾಂ-ಸುಲ್ಪೀಸ್ ಗುರುಮಠದಲ್ಲಿ ಓದಿ, ಡೀಕನ್ ಆಗಿ, ಯಾಜಕದೀಕ್ಷೆಗೆ ಮುನ್ನವೇ ಹೊರಬಂದವನು. ಗುರುಮಠದ ಓದುಗರಿಗೆ ಹೇಳಲೇಬೇಕಾದ ಮಾತಿದು: ಈ ‘ಪ್ರಾಚೀನ ರಹಸ್ಯ’ವು ಬಹುಮಟ್ಟಿಗೆ ನಮ್ಮಂಥವರ ಮನೆಯಲ್ಲೇ ತಯಾರಾದದ್ದು.

ನಮ್ಮ ನಾಡಿನ ಗಂಜೀಫವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ದೇವದೇವಿಯರ, ಗ್ರಹಗಳ ಚಿತ್ರಗಳನ್ನುಳ್ಳ ಎಲೆಯಾಟಗಳನ್ನು ರೂಪಿಸಿದರು. ಅಲ್ಲಿ ದೈವವೂ ಇತ್ತು, ಗ್ರಹವೂ ಇತ್ತು. ಆದರೂ ಆಟ ಆಟವಾಗಿಯೇ ಉಳಿಯಿತು. ಪವಿತ್ರ ಚಿತ್ರವೊಂದು ಎಲೆಯ ಮೇಲೆ ಬಂದ ಮಾತ್ರಕ್ಕೆ ಅದು ಕಣಿಯಾಗುವುದಿಲ್ಲ. ಕೇಳುವವನ ಪ್ರಶ್ನೆ ಅದನ್ನು ಕಣಿಯಾಗಿಸುತ್ತದೆ.

ಇಂದು ಹೊಸಬರ ಕೈಗೆ ಹೆಚ್ಚಾಗಿ ಸಿಗುವುದು 1909ರಲ್ಲಿ ಲಂಡನ್ನಿನಲ್ಲಿ ರೈಡರ್ ಪ್ರಕಾಶನ ಹೊರತಂದ ಕಟ್ಟು, ಅಥವಾ ಅದರ ಅನುಕರಣೆ. ಯೋಜನೆ ಆರ್ಥರ್ ಎಡ್ವರ್ಡ್ ವೇಟ್ ಅವರದು. ಚಿತ್ರಗಳು ಪಮೇಲಾ ಕೋಲ್ಮನ್ ಸ್ಮಿತ್ ಅವರವು. ಎಪ್ಪತ್ತೆಂಟು ಎಲೆಗಳ ಕೆಲಸಕ್ಕೆ ಆಕೆಗೆ ಸಿಕ್ಕ ಹಣ ಅತ್ಯಲ್ಪ. ಎರಡು ವರ್ಷಗಳ ನಂತರ, 1911ರಲ್ಲಿ, ಆಕೆ ಕಥೋಲಿಕ ಧರ್ಮಸಭೆಯನ್ನು ಸೇರಿದರು. ಮುಂದೆ ಕಾರ್ನ್‌ವಾಲಿನ ಕಡಲ ತೀರದಲ್ಲಿ ಗುರುಗಳ ವಿಶ್ರಾಂತಿಗೆಂದು ಮನೆಯೊಂದನ್ನು ನಡೆಸಿದರು. 1951ರಲ್ಲಿ ಬಡತನದಲ್ಲೇ ತೀರಿಕೊಂಡರು. ಮತಾಂತರದ ಬೀಜ ಎಲೆಗಳಲ್ಲಿತ್ತೆಂದು ಹೇಳುವ ಆತುರ ನಮಗಿಲ್ಲ. ಆದರೆ ಚಿತ್ರಗಳನ್ನು ನೋಡಿದವರು ಒಂದನ್ನು ಒಪ್ಪಲೇಬೇಕು: ಇವು ಕ್ರೈಸ್ತ ಚಿತ್ರಪರಂಪರೆಯಿಂದ ಕಡ ತಂದ ಚಿತ್ರಗಳು.

ಬಟ್ಟಲಿನ ಎಕ್ಕವನ್ನು ನೋಡಿ. ಮೋಡದಿಂದ ಚಾಚಿದ ಕೈಯಲ್ಲಿ ಪಾನಪಾತ್ರೆ; ಮೇಲಿನಿಂದ ಇಳಿದು ಬರುವ ಪಾರಿವಾಳದ ಕೊಕ್ಕಿನಲ್ಲಿ ಶಿಲುಬೆಯ ಗುರುತಿರುವ ದುಂಡನೆಯ ರೊಟ್ಟಿ. ನಮ್ಮ ಯಾವ ಗುರುಅಭ್ಯರ್ಥಿಗೂ ಇದರ ಅರ್ಥ ಹೇಳಿಕೊಡಬೇಕಿಲ್ಲ. ‘ತೀರ್ಪು’ ಎಂಬ ಎಲೆಯಲ್ಲಿ ದೇವದೂತ ತುತೂರಿ ಊದುತ್ತಾನೆ, ಸತ್ತವರು ಪೆಟ್ಟಿಗೆಗಳಿಂದ ಕೈಚಾಚಿ ಏಳುತ್ತಾರೆ. ‘ಲೋಕ’ ಎಂಬ ಕೊನೆಯ ತುರುಫಿನ ನಾಲ್ಕು ಮೂಲೆಗಳಲ್ಲಿ ಮನುಷ್ಯ, ಸಿಂಹ, ಹೋರಿ, ಗರುಡ: ಯೆಜೆಕಿಯೇಲನೂ ಪ್ರಕಟನಾ ಗ್ರಂಥದ ಯೊವಾನ್ನನೂ ಕಂಡ ಜೀವಿಗಳು, ನಾಲ್ವರು ಶುಭಸಂದೇಶಕಾರರ ಲಾಂಛನಗಳು. ಮಧ್ಯಯುಗದ ದೇವಾಲಯಗಳ ಬಾಗಿಲ ಮೇಲೆ ಈ ನಾಲ್ವರ ನಡುವೆ ಸಿಂಹಾಸನಾರೂಢ ಕ್ರಿಸ್ತನಿರುತ್ತಾನೆ. ಇಲ್ಲಿ ನಡುವೆ ಇರುವುದು ಹಸಿರು ಮಾಲೆಯೊಳಗೆ ಕುಣಿಯುವ ಸ್ತ್ರೀರೂಪ. ಚೌಕಟ್ಟನ್ನು ಉಳಿಸಿಕೊಂಡು ನಡುವಿನವನನ್ನು ಬದಲಿಸಲಾಗಿದೆ. ನಮ್ಮ ದೃಷ್ಟಿಯಲ್ಲಿ, ಸೈತಾನನ ಚಿತ್ರವಿರುವ ಹದಿನೈದನೆಯ ಎಲೆಗಿಂತಲೂ ಹೆಚ್ಚು ಚರ್ಚೆಗೆ ಅರ್ಹವಾದ ಎಲೆ ಇದು.

ಈಗ ಹವ್ಯಾಸದ ವಿಚಾರಕ್ಕೆ ಬರೋಣ. ಕಟ್ಟಿನೊಡನೆ ಬರುವ ಕಿರುಹೊತ್ತಿಗೆ ಪ್ರತಿ ಎಲೆಗೂ ನಾಲ್ಕೈದು ಪದಗಳ ಅರ್ಥ ಕೊಡುತ್ತದೆ. ಎಲೆ ತಲೆಕೆಳಗಾಗಿ ಬಿದ್ದರೆ ಬೇರೆ ನಾಲ್ಕೈದು. ಬಟ್ಟಲಿನ ಎಕ್ಕಕ್ಕೆ ‘ಹೊಸ ಪ್ರೀತಿ, ಭಾವನೆಗಳ ಆರಂಭ’ ಎಂಬಂಥ ಅರ್ಥ. ಪರಮಪ್ರಸಾದದ ಚಿತ್ರ ಪದಪಟ್ಟಿಯ ಒಂದು ಸಾಲಾಗಿ ಇಳಿಯಿತು. ಆರಂಭಿಕರ ಟ್ಯಾರೋದ ಮೇಲೆ ನಮ್ಮ ಮೊದಲ ಆಕ್ಷೇಪ ಧಾರ್ಮಿಕವಾದುದಲ್ಲ, ವಿಮರ್ಶೆಯದು: ಅದು ಚಿತ್ರಗಳನ್ನು ಕೆಟ್ಟದಾಗಿ ಓದಲು ಕಲಿಸುತ್ತದೆ. ಸ್ಮಿತ್ ಅವರ ಚಿತ್ರಗಳು ಇದಕ್ಕಿಂತ ಒಳ್ಳೆಯ ಓದುಗರಿಗೆ ಅರ್ಹವಾಗಿವೆ.

ಎರಡನೆಯ ಆಕ್ಷೇಪ ದಿನಚರಿಯ ಬಗ್ಗೆ. ಹೊಸಬರಿಗೆ ಹೇಳಿಕೊಡುವ ಮೊದಲ ಅಭ್ಯಾಸವೆಂದರೆ ಪ್ರತಿದಿನ ಬೆಳಿಗ್ಗೆ ಒಂದು ಎಲೆ ತೆಗೆದು, ಪುಸ್ತಕದಲ್ಲಿ ಬರೆದಿಟ್ಟು, ರಾತ್ರಿ ದಿನದ ಘಟನೆಗಳೊಡನೆ ಹೋಲಿಸಿ ನೋಡುವುದು. ನೋಟಕ್ಕೆ ಇದು ಸಂತ ಇಗ್ನೇಷಿಯಸ್ಸರ ಆತ್ಮಪರಿಶೀಲನೆಯ ಸೋದರನಂತಿದೆ; ಮೌನ, ಬರವಣಿಗೆ, ಶಿಸ್ತು ಎಲ್ಲವೂ ಇವೆ. ಆದರೆ ದಿಕ್ಕು ತಿರುಗಿದೆ. ಆತ್ಮಪರಿಶೀಲನೆಯಲ್ಲಿ ದಿನ ಮೊದಲು ಬರುತ್ತದೆ, ಕೃತಜ್ಞತೆಯ ಓದು ಆಮೇಲೆ. ದಿನದ ಎಲೆಯಲ್ಲಿ ಓದು ಮೊದಲು ಬರುತ್ತದೆ. ದಿನವು ಅದಕ್ಕೆ ಹೊಂದಿಕೊಳ್ಳಬೇಕಾಗುತ್ತದೆ. ಹೊಂದಿಕೊಳ್ಳುತ್ತದೆ ಕೂಡ. 1949ರಲ್ಲಿ ಪ್ರಕಟವಾದ ಬರ್ಟ್ರಮ್ ಫೋರರ್ ಅವರ ಪ್ರಯೋಗದಲ್ಲಿ 39 ವಿದ್ಯಾರ್ಥಿಗಳಿಗೆ ಅವರವರ ವ್ಯಕ್ತಿತ್ವದ ವಿವರಣೆಯೆಂದು ಹೇಳಿ ಒಂದೇ ಬರಹವನ್ನು ಹಂಚಲಾಗಿತ್ತು. ಅದು ತಮಗೆ ಎಷ್ಟು ಒಪ್ಪುತ್ತದೆಂದು ಕೇಳಿದಾಗ ಅವರು ಐದಕ್ಕೆ ಕೊಟ್ಟ ಸರಾಸರಿ ಅಂಕ 4.26. ನಾಲ್ಕು ಪದಗಳ ಅರ್ಥ ಯಾರ ಮಂಗಳವಾರಕ್ಕಾದರೂ ಹೊಂದುತ್ತದೆ.

ಇಲ್ಲಿ ವಿಚಾರವಾದಿಗಳ ನೆನಪು ಸಹಜ. ಇದೇ ಜ್ಞಾನಭಾರತಿಯ ವಿಶ್ವವಿದ್ಯಾಲಯಕ್ಕೆ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳ ಪರಿಶೀಲನೆಗೆ ಸಮಿತಿಯೊಂದನ್ನು ರಚಿಸಿದರು. ಅವರು ಕೇಳಿದ ಪ್ರಶ್ನೆ: ಇದು ನಿಜವಾಗಿ ನಡೆಯುತ್ತದೆಯೇ? ಆ ಪ್ರಶ್ನೆಗೆ ನಾವು ಋಣಿಗಳು. ಆದರೆ ಪವಿತ್ರ ಗ್ರಂಥ ಕೇಳುವ ಪ್ರಶ್ನೆ ಬೇರೆ. ಫಿಲಿಪ್ಪಿಯಲ್ಲಿ ಕಣಿ ಹೇಳುತ್ತಿದ್ದ ದಾಸಿ ಪೌಲನ ಹಿಂದೆ ಬಂದು ಕೂಗಿದ್ದು ಸುಳ್ಳಲ್ಲ. ಅವರು ಪರಾತ್ಪರ ದೇವರ ದಾಸರೆಂದೇ ಅವಳು ಕೂಗಿದಳು (ಪ್ರೇಷಿತರ ಕಾರ್ಯಕಲಾಪಗಳು 16). ಪೌಲ ಬಾಯಿ ಮುಚ್ಚಿಸಿದ್ದು ಒಂದು ನಿಜದ ಮಾತನ್ನು. ಆ ಹುಡುಗಿಯ ಬಾಯಿಂದ ಅವಳ ಯಜಮಾನರು ಹಣ ಮಾಡುತ್ತಿದ್ದರೆಂದು ಲೂಕ ನಮೂದಿಸುತ್ತಾನೆ. ಧರ್ಮೋಪದೇಶಕಾಂಡದ 13ನೆಯ ಅಧ್ಯಾಯವೂ, ಹೇಳಿದ ಗುರುತು ಸಂಭವಿಸಿದರೂ ಸರಿಯೇ, ಆತ ಯಾರ ಕಡೆಗೆ ಕರೆಯುತ್ತಾನೆಂಬುದನ್ನು ನೋಡಿರಿ ಎನ್ನುತ್ತದೆ. ಆದ್ದರಿಂದ ‘ಎಲೆ ಹೇಳಿದಂತೆಯೇ ಆಯಿತು’ ಎನ್ನುವ ಯುವಕನೊಡನೆ, ಆಗಿಲ್ಲ ಎಂದು ವಾದಿಸಿ ಗೆಲ್ಲಬೇಕಾದ ಅಗತ್ಯ ಗುರುವಿಗಿಲ್ಲ.

ಹಾಗಾದರೆ ತಪ್ಪು ಎಲ್ಲಿದೆ? ಚೀಟಿ ಎತ್ತುವುದೇ ತಪ್ಪೆಂದರೆ ಮತ್ತೀಯನ ಆಯ್ಕೆಯನ್ನೇನು ಮಾಡೋಣ? ಸಂತ ತೋಮಸ್ ಅಕ್ವಿನಾಸರು ಈ ತೊಡಕನ್ನು ತಾಳ್ಮೆಯಿಂದ ಬಿಡಿಸುತ್ತಾರೆ (ಸುಮ್ಮಾ, ಎರಡನೆಯ ಭಾಗದ ಎರಡನೆಯ ವಿಭಾಗ, ಪ್ರಶ್ನೆ 95, ಪ್ರಕರಣ 8). ಪಾಲು ಹಂಚುವ ಚೀಟಿ, ಏನು ಮಾಡಬೇಕೆಂದು ಕೇಳುವ ಚೀಟಿ, ಏನಾಗಲಿದೆಯೆಂದು ಕೇಳುವ ಚೀಟಿ ಎಂದು ಅವರು ಮೂರಾಗಿ ಬೇರ್ಪಡಿಸುತ್ತಾರೆ. ಮೊದಲನೆಯದಕ್ಕೆ ಎಡೆಯಿದೆ, ಎರಡನೆಯದಕ್ಕೆ ನಿಜವಾದ ಅಗತ್ಯವೂ ಭಯಭಕ್ತಿಯೂ ಇದ್ದರೆ ಎಡೆಯಿದೆ, ಮೂರನೆಯದು ಸಲ್ಲದು. ಬಳಿಕ ಅವರು ಸಂತ ಬೀಡರನ್ನು ಆಧರಿಸಿ ಹೇಳುವ ಮಾತು ನಮ್ಮ ವಿಷಯದ ತಿರುಳು. ಮತ್ತೀಯನಿಗೆ ಚೀಟಿ ಬಿದ್ದದ್ದು ಪಂಚಾಶತ್ತಮ ಹಬ್ಬಕ್ಕೆ ಮುನ್ನ. ಪವಿತ್ರಾತ್ಮರು ಇಳಿದು ಬಂದ ಮೇಲೆ ಏಳು ಮಂದಿ ಸೇವಕರನ್ನು ಸಭೆಯು ನೋಡಿ, ಮಾತಾಡಿ ಆರಿಸಿತು. ಜೆರುಸಲೇಮಿನ ಸಭೆಯಲ್ಲೂ ತೀರ್ಮಾನ ಹೊರಟದ್ದು ದೀರ್ಘ ಚರ್ಚೆಯಿಂದ. ಅದನ್ನು ಅವರು ಪವಿತ್ರಾತ್ಮರ ಮತ್ತು ತಮ್ಮ ತೀರ್ಮಾನವೆಂದು ಧೈರ್ಯವಾಗಿ ಬರೆದರು. ಪ್ರೇಷಿತರ ಕಾರ್ಯಕಲಾಪಗಳಲ್ಲಿ ಆಮೇಲೆ ಚೀಟಿಯ ಸುದ್ದಿಯಿಲ್ಲ. ಪವಿತ್ರಾತ್ಮರ ಕೊಡುಗೆಯೆಂದರೆ ಭವಿಷ್ಯದ ಮಾಹಿತಿಯಲ್ಲ. ತಿಳಿಯದಿರುವಾಗಲೂ ಜೊತೆಗೂಡಿ ತೀರ್ಮಾನಿಸುವ ಶಕ್ತಿ. ಕಥೋಲಿಕ ಧರ್ಮಸಭೆಯ ಕ್ಯಾಟೆಕಿಸಂ (2115-2117) ಜಾತಕ, ಹಸ್ತಸಾಮುದ್ರಿಕ, ಶಕುನಗಳ ಸಾಲಿನಲ್ಲಿ ಟ್ಯಾರೋವನ್ನು ಹೆಸರಿಸುವುದಿಲ್ಲ; ಆದರೆ ಇವೆಲ್ಲದರ ಹಿಂದೆ ಕಾಲದ ಮೇಲೆ, ಕಡೆಗೆ ಇತರರ ಮೇಲೆ, ಅಧಿಕಾರ ಪಡೆಯುವ ಆಸೆಯನ್ನು ಗುರುತಿಸುತ್ತದೆ. ಒಂಟಿಯಾಗಿ, ಯಾರೊಡನೆಯೂ ಮಾತಾಡದೆ, ತೀರ್ಮಾನದ ಹೊಣೆಯನ್ನು ಎಲೆಗೆ ವಹಿಸುವವನು ಪಂಚಾಶತ್ತಮಕ್ಕೆ ಮುಂಚಿನ ಕಾಲಕ್ಕೆ ಹಿಂದಿರುಗುತ್ತಿದ್ದಾನೆ.

ಈ ಅಳತೆಗೋಲು ನಮ್ಮ ಮನೆಗೂ ಅನ್ವಯಿಸುತ್ತದೆ. ಹೊಸ ವರ್ಷದ ರಾತ್ರಿ ವಾಗ್ದಾನದ ವಾಕ್ಯದ ಚೀಟಿ ಎತ್ತುವ ಕುಟುಂಬಗಳಿವೆ. ವರ್ಷದ ಪಾಲಕ ಸಂತರನ್ನು ಚೀಟಿಯಿಂದ ಪಡೆಯುವ ಸಂನ್ಯಾಸಿ ಮಠಗಳಿವೆ. ಸಂತ ಅಗಸ್ಟೀನರು ಜನುವಾರಿಯುಸ್ಸನಿಗೆ ಬರೆದ 55ನೆಯ ಪತ್ರದಲ್ಲಿ, ಶುಭಸಂದೇಶದ ಪುಟಗಳಿಂದ ಶಕುನ ತೆಗೆಯುವವರ ಬಗ್ಗೆ, ದೆವ್ವಗಳನ್ನು ಕೇಳುವುದಕ್ಕಿಂತ ಅದು ಮೇಲಾದರೂ ತಮಗೆ ಮೆಚ್ಚುಗೆಯಿಲ್ಲವೆಂದು ತಿಳಿಸುತ್ತಾರೆ; ನಿತ್ಯಜೀವನವನ್ನು ಕುರಿತ ದೈವವಾಕ್ಯವನ್ನು ಲೌಕಿಕ ವ್ಯವಹಾರಕ್ಕೆ ಬಳಸುವುದು ಅವರ ಆಕ್ಷೇಪ. ಅದೇ ಅಗಸ್ಟೀನರು ತೋಟದಲ್ಲಿ ಮಗುವಿನ ದನಿ ಕೇಳಿ ಪೌಲನ ಪತ್ರ ತೆರೆದರಲ್ಲ ಎಂದು ಓದುಗರು ಕೇಳಬಹುದು. ಅಲ್ಲಿ ಅವರಿಗೆ ಸಿಕ್ಕಿದ್ದು ನಾಳಿನ ಸುದ್ದಿಯಲ್ಲ, ಈ ಕ್ಷಣವೇ ಬದುಕು ಬದಲಿಸಬೇಕೆಂಬ ಆಜ್ಞೆ. ಪಾಲಕ ಸಂತರ ಚೀಟಿ ಪ್ರಾರ್ಥನೆಯ ಗೆಳೆಯರೊಬ್ಬರನ್ನು ಕೊಟ್ಟರೆ ಸಂತೋಷ. ‘ನನಗೆ ರಕ್ತಸಾಕ್ಷಿ ಬಂದರು, ಈ ವರ್ಷ ಕಷ್ಟ’ ಎಂದು ಮುಖ ಬಾಡಿದರೆ, ಅದು ನಾಗರಬಾವಿಯ ಪಿ.ಜಿ. ಕೋಣೆಯ ಎಲೆಗಿಂತ ಬೇರೆಯೇನಲ್ಲ.

ಟ್ಯಾರೋವನ್ನು ಕ್ರೈಸ್ತ ಧ್ಯಾನಕ್ಕೆ ಒಲಿಸಿಕೊಳ್ಳುವ ಪ್ರಯತ್ನವೂ ನಡೆದಿದೆ. ಕಥೋಲಿಕರಾದ ವಾಲೆಂಟಿನ್ ಟೊಂಬರ್ಗ್ ಹೆಸರು ಹಾಕದೆ ಬರೆದು ಮರಣಾನಂತರ ಪ್ರಕಟವಾದ ಧ್ಯಾನಗ್ರಂಥ ಇಪ್ಪತ್ತೆರಡು ತುರುಫು ಎಲೆಗಳ ಮೇಲೆ ಇಪ್ಪತ್ತೆರಡು ಪತ್ರಗಳನ್ನು ಒಳಗೊಂಡಿದೆ. ಅದರ 1983ರ ಜರ್ಮನ್ ಆವೃತ್ತಿಗೆ ಹಾನ್ಸ್ ಉರ್ಸ್ ಫಾನ್ ಬಾಲ್ತಸಾರ್ ಮುನ್ನುಡಿ ಬರೆದರು. ಈ ಹೆಸರನ್ನು ಕೇಳಿ ಕೆಲವು ಗುರುಅಭ್ಯರ್ಥಿಗಳು ಕಟ್ಟನ್ನು ಕೊಳ್ಳಲು ಅಪ್ಪಣೆ ಸಿಕ್ಕಿತೆಂದು ಭಾವಿಸುತ್ತಾರೆ. ಗ್ರಂಥ ಶ್ರೀಮಂತವಾಗಿದೆ, ಅದರ ಪ್ರಾರ್ಥನೆ ನೈಜವಾಗಿದೆ; ಅಲ್ಲಿ ಭವಿಷ್ಯ ನೋಡುವ ಮಾತಿಲ್ಲ. ಆದರೆ ಅದು ಲೆವಿಯ ಪರಂಪರೆಯ ಮೇಲೆ ನಿಂತಿದೆ. ಆ ಪರಂಪರೆಯ ಇತಿಹಾಸವನ್ನು ಡಮ್ಮೆಟ್ ಬುಡಸಹಿತ ಅಲುಗಿಸಿದ್ದಾರೆ. ದೈವಶಾಸ್ತ್ರ ಓದಿ ಮುಗಿಸಿದವರು ವಿಮರ್ಶೆಯ ಕಣ್ಣಿನಿಂದ ಓದಬಹುದಾದ ಪುಸ್ತಕವಿದು, ಆರಂಭಿಕರ ಕೈಪಿಡಿಯಲ್ಲ.

ಕರ್ನಾಟಕದಲ್ಲಿ 2017ರ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ನಿಷೇಧ ಕಾಯ್ದೆ ಇದೆ. ಜ್ಯೋತಿಷ್ಯವನ್ನು ಅದು ಮುಟ್ಟಿಲ್ಲ. ಕಾನೂನಿನಿಂದ ಈ ಹಸಿವು ತೀರುವುದೂ ಇಲ್ಲ. ಕಣಿ ಹೇಳುವವರನ್ನು ನಾಡಿನಿಂದ ಓಡಿಸಿದ ಅರಸ ಸೌಲನೇ, ದೇವರು ಉತ್ತರಿಸದ ರಾತ್ರಿ ವೇಷ ಮರೆಸಿಕೊಂಡು ಎಂದೋರಿಗೆ ಹೋದ. ಅಲ್ಲಿ ಅವನಿಗೆ ನಿಜವೇ ತಿಳಿಯಿತು. ಆ ನಿಜದಿಂದ ಅವನು ನೆಲಕ್ಕೆ ಬಿದ್ದ. ಅವನಿಗೆ ಒತ್ತಾಯ ಮಾಡಿ ಊಟ ಬಡಿಸಿದವಳೂ ಆ ಕಣಿಯವಳೇ.

ಸ್ಮಿತ್ ಬಿಡಿಸಿದ ಇನ್ನೊಂದು ಎಲೆಯನ್ನು ನಮ್ಮ ಓದುಗರು ತಪ್ಪದೆ ನೋಡಬೇಕು: ನಾಣ್ಯದ ಐದು. ಹಿಮ ಸುರಿಯುತ್ತಿದೆ. ಊರುಗೋಲು ಹಿಡಿದ ಒಬ್ಬ, ಬರಿಗಾಲಿನ ಒಬ್ಬಳು. ಅವರ ಹಿಂದೆ ದೀಪ ಬೆಳಗಿದ ದೇವಾಲಯದ ಬಣ್ಣದ ಕಿಟಕಿ. ಚಿತ್ರದಲ್ಲಿ ಬಾಗಿಲೆಲ್ಲೂ ಇಲ್ಲ. ಕಿರುಹೊತ್ತಿಗೆಯ ಪ್ರಕಾರ ಇದರ ಅರ್ಥ ಹಣದ ತೊಂದರೆ. ಪಾಲನಾ ಸೇವೆಯಲ್ಲಿರುವವರಿಗೆ ಬೇರೆ ಅರ್ಥ ಹೊಳೆಯಬಹುದು. ಎಲೆ ಓದುವವರು ಮುಕ್ಕಾಲು ಗಂಟೆ ಎದುರು ಕೂತು ‘ನಿಮಗೇನು ಚಿಂತೆ?’ ಎಂದು ಕೇಳುತ್ತಾರೆ. ಭಾನುವಾರದ ಮೂರು ಬಲಿಪೂಜೆಗಳ ನಡುವೆ ನಮ್ಮಲ್ಲಿ ಹಾಗೆ ಕೇಳಿಸಿಕೊಂಡವರು ಎಷ್ಟು ಮಂದಿ?

ಕಟ್ಟನ್ನು ತಂದು ತೋರಿಸುವ ಯುವಜನರೊಡನೆ ಮಾತು ಎಲ್ಲಿಂದ ಆರಂಭಿಸಬೇಕೆಂದು ಸಹೋದ್ಯೋಗಿಗಳು ಕೇಳುತ್ತಾರೆ. ‘ಕೊನೆಯ ಬಾರಿ ಎಲೆ ತೆಗೆದಾಗ ಏನು ಕೇಳಿದೆ?’ ಎಂಬ ಪ್ರಶ್ನೆಯಿಂದ ಆರಂಭಿಸಬಹುದು. ‘ಈ ಚಿತ್ರದಲ್ಲಿ ನನಗೇನು ಕಾಣುತ್ತದೆ?’ ಎಂದು ಕೇಳಿದ್ದರೆ, ಬಟ್ಟಲಿನ ಎಕ್ಕವನ್ನು ಜೊತೆಯಲ್ಲಿ ಕೂತು ನೋಡಬಹುದು. ‘ಅವನು ಹಿಂದಿರುಗುತ್ತಾನೆಯೇ?’, ‘ಕೆಲಸ ಬಿಡಲೇ?’ ಎಂದು ಕೇಳಿದ್ದರೆ, ಎಲೆಗಳನ್ನು ಬದಿಗಿಟ್ಟು ಅವನ ವಿಷಯ, ಕೆಲಸದ ವಿಷಯ ಮಾತಾಡಬೇಕಾಗುತ್ತದೆ. ಅದಕ್ಕೆ ಮುಕ್ಕಾಲು ಗಂಟೆ ಸಾಲದು.