ಹಿಂದಿ ಮಾತಾಡಿದ ಮಾಲ್ಗುಡಿ

ಧಾರಾವಾಹಿಯ ಪಾತ್ರವೊಂದು ತೆರೆಯ ಮೇಲೆ ಬಂದು ಬಾಯಿ ತೆರೆಯುವ ಮೊದಲೇ ಅದು ಯಾವ ಸೀಮೆಯದೆಂದು ನೋಡುವವರಿಗೆ ತಿಳಿದುಬಿಡಬೇಕು ಎಂಬುದು ದೂರದರ್ಶನ ನಾಟಕದ ಅಲಿಖಿತ ನಿಯಮ. ಅರ್ಧ ಗಂಟೆಯೂ ಇಲ್ಲದ ಕಂತಿನಲ್ಲಿ ಪಾತ್ರದ ಕುಲಗೋತ್ರ ಹೇಳುತ್ತ ಕೂರಲು ವ್ಯವಧಾನವೆಲ್ಲಿ? ಆದ್ದರಿಂದ ಪಗಡಿ ಕಂಡರೆ ಪಂಜಾಬಿ, ಪಂಚೆ ಕಂಡರೆ ಮದ್ರಾಸಿ, ಮೀನಿನ ಮಾತು ಬಂದರೆ ಬಂಗಾಳಿ. ಇದನ್ನು ಅಗ್ಗದ ಉಪಾಯವೆಂದು ತಳ್ಳಿಹಾಕುವುದು ಸುಲಭ. ಆದರೆ ಮುಂಬಯಿಯಂಥ ಊರಿನಲ್ಲಿ ಬೆಳೆಯುವ ನಮ್ಮ ಮಕ್ಕಳು ದಕ್ಷಿಣದವರೆಂದರೆ ಯಾರು, ಅವರು ಹೇಗಿರುತ್ತಾರೆ ಎಂಬುದನ್ನು ಅಜ್ಜಿಯ ಮನೆಗಿಂತ ಹೆಚ್ಚಾಗಿ ಈ ಪೆಟ್ಟಿಗೆಯಿಂದಲೇ ಕಲಿಯುತ್ತಿರುವಾಗ, ಈ ಉಪಾಯಗಳು ಹೇಗೆ ಕೆಲಸ ಮಾಡುತ್ತವೆ ಎಂದು ತುಸು ತಾಳ್ಮೆಯಿಂದ ನೋಡಬೇಕಾಗಿದೆ.

ಅದಕ್ಕೆ ನಾನು ಆರಿಸಿಕೊಂಡಿರುವುದು 'ಮಾಲ್ಗುಡಿ ಡೇಸ್'. ಆರ್.ಕೆ. ನಾರಾಯಣರ ಇಂಗ್ಲಿಷ್ ಕತೆಗಳು, ಶಂಕರ್‌ನಾಗ್ ಅವರ ನಿರ್ದೇಶನ, ಟಿ.ಎಸ್. ನರಸಿಂಹನ್ ಅವರ ನಿರ್ಮಾಣ, ಎಲ್. ವೈದ್ಯನಾಥನ್ ಅವರ ಸಂಗೀತ, ಶೀರ್ಷಿಕೆಗೆ ಆರ್.ಕೆ. ಲಕ್ಷ್ಮಣರ ಗೆರೆಗಳು. 1986ರಲ್ಲಿ ದೂರದರ್ಶನದ ರಾಷ್ಟ್ರೀಯ ಜಾಲದಲ್ಲಿ ಇದು ಹಿಂದಿಯಲ್ಲಿ ಬಂತು. ಆ ಜಾಲದಲ್ಲಿ ಪ್ರಾಯೋಜಿತ ಧಾರಾವಾಹಿಗಳ ಯುಗ ಆರಂಭವಾದದ್ದು 1984ರ 'ಹಮ್ ಲೋಗ್'ನಿಂದ. ಅಂದರೆ ದೇಶ ಇನ್ನೂ ಧಾರಾವಾಹಿ ನೋಡುವುದನ್ನು ಕಲಿಯುತ್ತಿದ್ದ ಕಾಲ ಅದು. ದಕ್ಷಿಣದ ಒಂದು ಊರು ಇಡೀ ದೇಶದ ನಡುಮನೆಗೆ ಬಂದು ಕುಳಿತದ್ದು ಬಹುಶಃ ಅದೇ ಮೊದಲು. ಅದಕ್ಕೆ ಹಿಂದೆ ಹಿಂದಿಯ ಜನಪ್ರಿಯ ಕಲ್ಪನೆಯಲ್ಲಿ ನಮ್ಮ ಪ್ರತಿನಿಧಿ ಯಾರು? 1968ರ 'ಪಡೋಸನ್' ಚಿತ್ರದಲ್ಲಿ ಮೆಹಮೂದ್ ವಹಿಸಿದ ಸಂಗೀತದ ಮೇಷ್ಟ್ರು ಪಿಳ್ಳೆ. ಆ ಜುಟ್ಟಿನಿಂದ ಈ ಜಗಲಿಗೆ ಬಂದದ್ದೇ ಒಂದು ದೊಡ್ಡ ಪ್ರಯಾಣ.

ನಾರಾಯಣರ ಮಾಲ್ಗುಡಿ ನಕ್ಷೆಯಲ್ಲಿಲ್ಲದ ಊರು. ಅದಕ್ಕೆ ಸರಯೂ ಎಂಬ ಹೊಳೆ ಉಂಟು, ಮೆಂಪಿ ಎಂಬ ಬೆಟ್ಟ ಉಂಟು, ಮದ್ರಾಸಿಗೆ ಹೋಗುವ ರೈಲು ಉಂಟು. ಅವರು ಬಾಳಿದ ಮೈಸೂರಿನ ನೆರಳೂ ಅದರ ಮೇಲೆ ಬಿದ್ದಿದೆ. ಬರೆದ ಊರು ಎಲ್ಲಿಯೂ ಇಲ್ಲದೆ ಇರಬಹುದು. ಕ್ಯಾಮರಾಕ್ಕೆ ಆ ಸವಲತ್ತಿಲ್ಲ. ಅದು ಯಾವುದೋ ಒಂದು ಬಸ್ ನಿಲ್ದಾಣದಲ್ಲಿ ಇಳಿಯಲೇಬೇಕು. ಶಂಕರ್‌ನಾಗ್ ಇಳಿದದ್ದು ಆಗುಂಬೆಯಲ್ಲಿ. ಹಾಗೆ ಇಳಿದ ಕೂಡಲೆ ಬಯಲು ಸೀಮೆಯ ಧೂಳು ಬಿದ್ದಂತಿದ್ದ ನಾರಾಯಣರ ಪೇಟೆ ಬೀದಿ ಮಲೆನಾಡಿನ ಹಂಚಿನ ಮಾಡಿನ ಕೆಳಗೆ ಬಂದು ನಿಂತಿತು. ಪುಸ್ತಕ ಓದಿದವರಿಗೆ ಇದು ಮೊದಮೊದಲು ಕಣ್ಣಿಗೆ ಚುಚ್ಚುತ್ತದೆ. ಊರು ಬೇಕಾದ್ದಕ್ಕಿಂತ ಹೆಚ್ಚು ಹಸಿರು, ಹೆಚ್ಚು ಸುಂದರ. ಆದರೆ ಕಂತುಗಳು ಸಾಗಿದಂತೆ ಪುಸ್ತಕದ ಊರು ಸೋತು ತೆರೆಯ ಊರು ಗೆಲ್ಲುತ್ತದೆ. ಎಷ್ಟರ ಮಟ್ಟಿಗೆಂದರೆ, ಚಿತ್ರೀಕರಣಕ್ಕೆ ಬಳಸಿದ ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡವನ್ನು 2020ರಲ್ಲಿ ರೈಲ್ವೆಯವರು ಮಾಲ್ಗುಡಿ ವಸ್ತುಸಂಗ್ರಹಾಲಯವನ್ನಾಗಿ ಮಾಡಿದ್ದಾರೆ. ಇಲ್ಲದ ಊರಿಗೆ ಸರ್ಕಾರಿ ವಿಳಾಸ ಸಿಕ್ಕಿದಂತಾಯಿತು!

ವಿಜ್ಞಾನದ ತರಗತಿಯಲ್ಲಿ ನಮಗೆ ಒಂದು ಪಾಠ ಹೇಳಿಕೊಡುತ್ತಿದ್ದರು: ಒಂದು ಅಂಶವನ್ನು ಮಾತ್ರ ಬದಲಾಯಿಸು, ಉಳಿದುದೆಲ್ಲವನ್ನೂ ಹಾಗೆಯೇ ಇಡು, ಆಗ ಆ ಅಂಶದ ಬೆಲೆ ಗೊತ್ತಾಗುತ್ತದೆ. 'ಮಾಲ್ಗುಡಿ ಡೇಸ್' ತಿಳಿದೋ ತಿಳಿಯದೆಯೋ ನಡೆದ ಅಂಥ ಒಂದು ಪ್ರಯೋಗ. ಸೀಮೆಯಿಂದ ಅದರ ಮಾತನ್ನು ತೆಗೆದುಬಿಟ್ಟರೆ ಎಷ್ಟು ಸೀಮೆ ಉಳಿಯುತ್ತದೆ?

ಆಶ್ಚರ್ಯವೆನ್ನುವಷ್ಟು ಉಳಿಯುತ್ತದೆ. ಮಾತಿನಲ್ಲಿ ಹೇಳಲಾಗದ್ದನ್ನು ನಿರ್ದೇಶಕರು ಮನೆಗೆ ಹೊರಿಸಿದರು, ನಡಿಗೆಗೆ ಹೊರಿಸಿದರು, ಹೊತ್ತಿಗೆ ಹೊರಿಸಿದರು. ಸ್ವಾಮಿಯ ಮನೆಯ ಜಗಲಿ, ಕಂಬ, ಒಳಗಿನ ನಸುಗತ್ತಲು ಇವುಗಳನ್ನು ಕ್ಯಾಮರಾ ನೋಡಿರೆಂದು ತೋರಿಸುವುದಿಲ್ಲ. ಅವುಗಳ ನಡುವೆ ಸುಮ್ಮನೆ ಓಡಾಡುತ್ತದೆ. ಗಿರೀಶ ಕಾರ್ನಾಡರ ವಕೀಲ ಅಪ್ಪ ಮನೆಯೊಳಕ್ಕೆ ಬಂದರೆ ಹುಡುಗನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ವೈಶಾಲಿ ಕಾಸರವಳ್ಳಿಯವರ ತಾಯಿ ಹೆಚ್ಚು ಮಾತಾಡದೆ ಮನೆಯನ್ನೆಲ್ಲ ಹಿಡಿದಿಟ್ಟಿರುತ್ತಾರೆ. ಮಾಸ್ಟರ್ ಮಂಜುನಾಥನ ಬಗ್ಗೆ ಹೇಳಬೇಕಾದ್ದೇ ಇಲ್ಲ. ಇವರಲ್ಲಿ ಬಹುಮಂದಿ ಕನ್ನಡ ರಂಗಭೂಮಿಯಿಂದಲೋ ಕನ್ನಡ ಚಿತ್ರದಿಂದಲೋ ಬಂದವರು. ಭಾಷೆ ಕಳೆದುಹೋದರೂ ಅವರ ಮೈ ಕಳೆದುಹೋಗಲಿಲ್ಲ. ಕೂರುವ ರೀತಿ, ಪಂಚೆಯನ್ನು ಎತ್ತಿ ಕಟ್ಟುವ ಕ್ಷಣ, ಹಿರಿಯರ ಮುಂದೆ ಕತ್ತು ಬಾಗಿಸುವ ಅಳತೆ ಇವೆಲ್ಲ ಹಿಂದಿಗೆ ಅನುವಾದವಾಗಲಿಲ್ಲ.

ಇನ್ನೂ ಮುಖ್ಯವಾದ ವಿಷಯ ಒಂದಿದೆ. ಮಾಲ್ಗುಡಿಯಲ್ಲಿ ಎಲ್ಲರೂ ಒಂದೇ ಹಿಂದಿಯನ್ನು ಆಡುತ್ತಾರೆ. ಒಬ್ಬನ ಉಚ್ಚಾರಣೆಯನ್ನು ಕೇಳಿ ಇನ್ನೊಬ್ಬ ನಗುವುದಿಲ್ಲ, ಏಕೆಂದರೆ ಆ ಊರಿನಲ್ಲಿ ಹೊರಗಿನವನು ನಿಂತು ನೋಡುವ ಜಾಗವೇ ಇಲ್ಲ. ಪಂಚೆ ಉಟ್ಟವರ ನಡುವೆ ಪಂಚೆ ವೇಷವಲ್ಲ, ಬಟ್ಟೆ. ಪ್ರಾಂತೀಯ ಚಹರೆಗಳು ಹಾಸ್ಯಾಸ್ಪದವಾಗುವುದು ಅವು ಸುಳ್ಳಾಗಿರುವುದರಿಂದಲ್ಲ. ಚೌಕಟ್ಟಿನೊಳಗೆ ಒಬ್ಬನಿಗೆ ಮಾತ್ರ ಅವನ್ನು ತೊಡಿಸಿ ಉಳಿದವರನ್ನು ಸಾಮಾನ್ಯರನ್ನಾಗಿ ನಿಲ್ಲಿಸುವುದರಿಂದ.

'ಕಾಣೆಯಾದ ಟಪಾಲು' ಎನ್ನಬಹುದಾದ ಕಂತನ್ನು ನೆನೆಯಿರಿ. ಅಂಚೆಯವ ತಾನಪ್ಪನಿಗೆ ಪ್ರತಿಯೊಂದು ಮನೆಯ ಸುದ್ದಿಯೂ ಗೊತ್ತು. ಕಾಗದ ಕೊಟ್ಟು ಹೋಗುವವನಲ್ಲ, ಕುಳಿತು ವಿಚಾರಿಸುವವನು. ಒಂದು ಮನೆಯಲ್ಲಿ ಮಗಳ ಮದುವೆ. ಆ ಮುಹೂರ್ತ ತಪ್ಪಿದರೆ ವರ ಕೈತಪ್ಪುತ್ತಾನೆ. ಅಷ್ಟರಲ್ಲಿ ಬಂಧುವೊಬ್ಬರ ಸಾವಿನ ಸುದ್ದಿ ಬರುತ್ತದೆ. ತಾನಪ್ಪ ಅದನ್ನು ಕೊಡದೆ ಇಟ್ಟುಕೊಂಡು, ಮದುವೆ ಮುಗಿದ ಮೇಲೆ ತಂದೊಪ್ಪಿಸುತ್ತಾನೆ. ಇಲ್ಲಿ ಪ್ರಾದೇಶಿಕತೆ ತೋರಣದಲ್ಲಿಲ್ಲ, ವಾಲಗದಲ್ಲಿಲ್ಲ. ಸೂತಕ ಮತ್ತು ಮುಹೂರ್ತ ಎಂಬ ಎರಡು ಗಡಿಯಾರಗಳ ನಡುವೆ ಸಿಕ್ಕಿಬಿದ್ದ ಒಂದು ಸಂಸಾರದ ಇಕ್ಕಟ್ಟಿನಲ್ಲಿದೆ. ಕತೆಯನ್ನು ಬೇರೆ ಕಡೆಗೆ ಒಯ್ದರೆ ಆ ಇಕ್ಕಟ್ಟನ್ನು ಹೊಸದಾಗಿ ಕಟ್ಟಬೇಕಾಗುತ್ತದೆ. ಸರ್ಕಾರಿ ನೌಕರನಾಗಿ ನನಗೆ ತಾನಪ್ಪನ ಅಪರಾಧದ ಕಲಮು ಗೊತ್ತು. ನೋಡುವಾಗ ಅದು ನೆನಪಿಗೆ ಬರಲಿಲ್ಲ ಎಂಬುದೇ ಆ ಕಂತಿನ ಹೆಚ್ಚುಗಾರಿಕೆ.

ಇಷ್ಟೆಲ್ಲ ಮೆಚ್ಚಿದ ಮೇಲೂ ತೆತ್ತ ಬೆಲೆಯ ಲೆಕ್ಕ ಬಾಕಿ ಉಳಿಯುತ್ತದೆ. 'ಒಂದು ಕುದುರೆ, ಎರಡು ಆಡು' ಎಂಬ ಅರ್ಥದ ಕತೆಯನ್ನು ನೋಡಿ. ಮುದುಕ ಮುನಿಗೆ ತಮಿಳು ಬಿಟ್ಟು ಬೇರೆ ಬಾರದು. ಅಮೆರಿಕದವನಿಗೆ ಇಂಗ್ಲಿಷ್ ಬಿಟ್ಟು ಬೇರೆ ಬಾರದು. ಅವನು ಮಣ್ಣಿನ ಕುದುರೆಗೆ ಕೊಟ್ಟ ನೂರು ರೂಪಾಯಿಯನ್ನು ಇವನು ಆಡುಗಳ ಬೆಲೆಯೆಂದು ತಿಳಿಯುತ್ತಾನೆ. ಎರಡು ಭಾಷೆಗಳು ಒಂದನ್ನೊಂದು ಮುಟ್ಟದೆ ಪಕ್ಕಪಕ್ಕದಲ್ಲಿ ಹರಿಯುವುದೇ ಇಡೀ ಕತೆ. ಹಿಂದಿ ರೂಪದಲ್ಲಿ ಮುನಿ ಹಿಂದಿ ಆಡುತ್ತಾನೆ. ನಗು ಹಾಗೆಯೇ ಉಳಿಯಿತು, ಯಂತ್ರ ಕೆಲಸ ಮಾಡಿತು. ಆದರೆ ಪರದೇಶಿಯ ಎದುರಿಗೆ ನಿಂತ ಹಳ್ಳಿಗನ ನಾಲಿಗೆ ಮಾತ್ರ ಅವನದಲ್ಲ. ಭಾಷೆಯೇ ವಸ್ತುವಾದ ಕತೆಯಲ್ಲೂ ದಕ್ಷಿಣದ ಒಂದು ಭಾಷೆಗೆ ಜಾಗ ಸಿಗಲಿಲ್ಲ!

ಅದೇ ವರ್ಷ ಬಂದ 'ಬುನಿಯಾದ್' ಲಾಹೋರಿನ ಪಂಜಾಬಿ ಸಂಸಾರವೊಂದರ ಕತೆ. ಅಲ್ಲಿಯೂ ಮಾತು ಹಿಂದಿಯೇ. ಆದರೆ ಪಂಜಾಬಿಯ ಕರೆಯುವ ಮಾತು, ಗದರುವ ಮಾತು, ಮುದ್ದಿನ ಮಾತು ಅದರೊಳಗೆ ಸಲೀಸಾಗಿ ನುಗ್ಗಿ ಬರುತ್ತವೆ. ಯಾರಿಗೂ ಅರ್ಥ ಹೇಳಬೇಕೆನಿಸುವುದಿಲ್ಲ. ಮಾಲ್ಗುಡಿಯಲ್ಲಿ ಹೆಸರುಗಳನ್ನೂ ಸಂಬೋಧನೆಗಳನ್ನೂ ಬಿಟ್ಟರೆ ಅಂಥ ನುಗ್ಗುವಿಕೆ ಕಾಣದು. ಹಿಂದಿಗೆ ಹತ್ತಿರವಿರುವ ಸೀಮೆಗೆ ಅದರ ನುಡಿಯ ಸಮೇತ ಪ್ರವೇಶ ದೊರೆಯಿತು; ದೂರದ ಸೀಮೆಗೆ ಹೆಂಚು, ಹಸಿರು, ಮೌನ.

ಬೇರೆ ದಾರಿ ಇರಲಿಲ್ಲವೇ? ಇತ್ತು, ಅದೇ ದೂರದರ್ಶನದಲ್ಲಿಯೇ ಇತ್ತು. ಆ ದಿನಗಳಲ್ಲಿ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಯ ಚಿತ್ರಗಳನ್ನು ಕೆಳಗೆ ಇಂಗ್ಲಿಷ್ ಸಾಲುಗಳೊಡನೆ ತೋರಿಸುತ್ತಿದ್ದರು. ಹೊರನಾಡಿನ ಕನ್ನಡಿಗರಿಗೆ ಪೆಟ್ಟಿಗೆಯೊಳಗಿಂದ ಕನ್ನಡ ಕೇಳಿಸುತ್ತಿದ್ದುದೇ ಎಂದಾದರೂ ಸರದಿ ಬಂದ ಅಂಥ ಒಂದು ಭಾನುವಾರ. ನುಡಿಯನ್ನು ಉಳಿಸಿಕೊಂಡೇ ದೇಶಕ್ಕೆ ತೋರಿಸುವ ತಂತ್ರ ಗೊತ್ತಿತ್ತು. ಆದರೆ ಅದು ಪ್ರಶಸ್ತಿ ಪಡೆದ ಚಿತ್ರಗಳಿಗೆ, ಊಟದ ನಂತರದ ತೂಕಡಿಕೆಯ ಹೊತ್ತಿಗೆ. ರಾತ್ರಿಯ ಜಾಹೀರಾತಿನ ಹೊತ್ತು ಹಿಂದಿಗೆ. ಈ ತೀರ್ಮಾನ ಕಲೆಯದಲ್ಲ, ಪ್ರಾಯೋಜಕರದು ಎಂಬುದನ್ನು ಮರೆಯಬಾರದು. ಶಂಕರ್‌ನಾಗ್ ಅವರನ್ನು ದೂರಿ ಫಲವಿಲ್ಲ.

ಇನ್ನು ಈಚಿನ ಒಂದು ಉದಾಹರಣೆ. 2008ರ ಜುಲೈನಲ್ಲಿ ಶುರುವಾಗಿ ನಾಲ್ಕು ಸಾವಿರ ಕಂತುಗಳನ್ನು ದಾಟಿದ 'ತಾರಕ್ ಮೆಹ್ತಾ ಕಾ ಉಲ್ಟಾ ಚಷ್ಮಾ' ನಮ್ಮ ಮುಂಬಯಿಯದೇ ಕತೆ. ಗೋಕುಲಧಾಮ್ ಸೊಸೈಟಿಯಲ್ಲಿ ಒಂದು ಮನೆ ಗುಜರಾತಿ, ಒಂದು ಮರಾಠಿ, ಒಂದು ಪಂಜಾಬಿ, ಒಂದರಲ್ಲಿ ತಮಿಳು ಗಂಡ ಬಂಗಾಳಿ ಹೆಂಡತಿ. ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ರಾಜ್ಯಕ್ಕೊಂದು ಸ್ತಬ್ಧಚಿತ್ರ ಬರುವಂತೆ ಇಲ್ಲಿ ರಾಜ್ಯಕ್ಕೊಂದು ಬಾಲ್ಕನಿ. ಉದ್ದೇಶ ಒಳ್ಳೆಯದೇ, ಎಲ್ಲರ ಹಬ್ಬವನ್ನೂ ಎಲ್ಲರೂ ಆಚರಿಸುತ್ತಾರೆ. ನಮ್ಮ ಕಡೆಯ ಪ್ರತಿನಿಧಿ ಅಯ್ಯರ್ ವಿಜ್ಞಾನಿ, ಸಂಭಾವಿತ. ಆದರೆ ಮಧ್ಯಪ್ರದೇಶದ ಮರಾಠಿ ನಟ ತನುಜ್ ಮಹಾಶಬ್ದೆ ಅವರಿಗೆ ಕೊಟ್ಟಿರುವ ಸಾಮಗ್ರಿ ಏನು? ಬಿಳಿ ಪಂಚೆ, ಎಳೆದ ಉಚ್ಚಾರಣೆ, ಸಿಟ್ಟು ಬಂದಾಗ ತಮಿಳಿನ ಒಂದೆರಡು ಉದ್ಗಾರ, ಇಡ್ಲಿ ಸಾಂಬಾರಿನ ಪ್ರಸ್ತಾಪ. ನಟ ತಮಿಳರಲ್ಲ ಎಂಬುದು ನನ್ನ ಆಕ್ಷೇಪವಲ್ಲ. ಕೊಂಕಣಿ ಮನೆಮಾತಿನ ಕಾರ್ನಾಡರು ತಮಿಳು ಹೆಸರಿನ ವಕೀಲನಾಗಿ ಹಿಂದಿ ಆಡಿದಾಗ ನಾವು ನಂಬಲಿಲ್ಲವೇ? ವ್ಯತ್ಯಾಸ ನಟನಲ್ಲಿಲ್ಲ, ಅವನನ್ನು ನಿಲ್ಲಿಸಿದ ಜಾಗದಲ್ಲಿದೆ. ಅಯ್ಯರನ ಉಚ್ಚಾರಣೆ ಪ್ರತಿ ಸಂಜೆಯೂ ಬೇರೆಯವರ ಉಚ್ಚಾರಣೆಗೆ ತಾಗಿ ಸದ್ದು ಮಾಡಬೇಕು. ಆ ಸದ್ದೇ ಅವನ ಪಾತ್ರ. ಇಷ್ಟು ಸಾವಿರ ಕಂತುಗಳಲ್ಲಿ ಅವನ ಊರನ್ನು ನಾವು ಕಂಡದ್ದಕ್ಕಿಂತ ಅವನ ಪಂಚೆಯನ್ನು ಕಂಡದ್ದೇ ಹೆಚ್ಚು. ದಿನನಿತ್ಯದ ಧಾರಾವಾಹಿಯ ಆತುರವೂ ಇದಕ್ಕೆ ಕಾರಣವೆನ್ನಬಹುದು. ದಿನಕ್ಕೊಂದು ಕಂತು ಒದಗಿಸಬೇಕಾದವರಿಗೆ ಆಗುಂಬೆಗೆ ಹೋಗಿ ಮಳೆ ನಿಲ್ಲುವುದನ್ನು ಕಾಯಲು ಬಿಡುವಿಲ್ಲ. ಗೋರೆಗಾಂವದ ಸೆಟ್ಟಿನಲ್ಲಿ ಕೈಗೆ ಸಿಕ್ಕಿದ ಗುರುತುಚೀಟಿ ಅಂಟಿಸಿ ಕೆಲಸ ಮುಗಿಸಬೇಕು.

ಎರಡಕ್ಕೂ ಸಮಾನವಾದ ಒಂದು ಕೊರತೆಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಅಯ್ಯರನೂ ಬ್ರಾಹ್ಮಣ, ಸ್ವಾಮಿಯ ಮನೆಯೂ ಬ್ರಾಹ್ಮಣರದು. ಮಾಲ್ಗುಡಿಯಲ್ಲಿ ಮುನಿಯಂಥವರೂ, ಕಳ್ಳತನದ ಸುಳ್ಳು ಆರೋಪ ಹೊತ್ತ ಮನೆಯಾಳು ಸಿದ್ದನಂಥವರೂ ಬಂದು ಹೋಗುತ್ತಾರೆ ನಿಜ. ಆದರೆ ದೇಶದ ನೆನಪಿನಲ್ಲಿ ಉಳಿದದ್ದು ಕಂಬಗಳ ಆ ದೊಡ್ಡ ಮನೆ. ದಕ್ಷಿಣವೆಂದರೆ ಒಂದು ಜಾತಿಯ ಜಗಲಿ ಎಂಬ ಭ್ರಮೆಗೆ ಒಳ್ಳೆಯ ಧಾರಾವಾಹಿಯೂ ತನ್ನ ಪಾಲನ್ನು ಸಲ್ಲಿಸಿದೆ.

ಹಿಂದಿಯವರನ್ನು ದೂರುವ ಉತ್ಸಾಹದಲ್ಲಿ ನಮ್ಮ ಅಂಗಳವನ್ನೂ ನೋಡಬೇಕು. ಮುಂಬಯಿಯ ಕನ್ನಡ ರಂಗಭೂಮಿಯಲ್ಲಿ ದಶಕಗಳ ಕಾಲ ದುಡಿದು 2024ರಲ್ಲಿ ತೀರಿಕೊಂಡ ಸದಾನಂದ ಸುವರ್ಣರು 1990ರ ಆಸುಪಾಸಿನಲ್ಲಿ ದೂರದರ್ಶನಕ್ಕೆ 'ಗುಡ್ಡದ ಭೂತ' ಮಾಡಿದರು. ಕರಾವಳಿಯ ಹಳ್ಳಿ, ಅಲ್ಲಿನ ಭಯ, ಅಲ್ಲಿನ ಜಾನಪದ ಧಾಟಿಯ ಶೀರ್ಷಿಕೆ ಹಾಡು. ಪ್ರಕಾಶ್ ರೈ ಅವರನ್ನು ಹಲವರು ಮೊದಲು ಗುರುತಿಸಿದ್ದು ಅದರಲ್ಲಿ. ಪ್ರಾದೇಶಿಕತೆಯನ್ನು ಗಾಳಿಯಂತೆ ಹರಡಿದ ಕನ್ನಡ ಧಾರಾವಾಹಿ ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಆದರೂ ಅಂಥ ಹಳ್ಳಿಯ ಮನೆಗಳಲ್ಲಿ ನಿಜವಾಗಿ ಆಡುವ ಮಾತು ತುಳು. ಮಾಲ್ಗುಡಿಗೆ ಹಿಂದಿ ಮಾಡಿದ್ದನ್ನು ಅಲ್ಲಿ ಕನ್ನಡ ಮಾಡಿತು. ನಮ್ಮ ಸಂಘದ ತುಳು ಮನೆಮಾತಿನ ಸದಸ್ಯರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು.

ಧಾರವಾಡದ ಕಡೆಯ ಮಾತಿನ ಪಾಡಂತೂ ಕೇಳುವುದೇ ಬೇಡ. ಬೆಂಗಳೂರಿನ ಧಾರಾವಾಹಿಯೊಂದರಲ್ಲಿ ಆ ಮಾತು ಕೇಳಿಸಿತೆಂದರೆ ಅಡಿಗೆಯವನೋ ಕಾವಲುಗಾರನೋ ನಗಿಸಲು ಬಂದನೆಂದು ತಿಳಿಯಬೇಕು; ನಾಯಕನಿಗೆ ಆ ನುಡಿ ದಕ್ಕುವುದು ಅಪರೂಪ. ಅಡಿಗೆಯವನ ಜೊತೆಗೆ ಮನೆಯ ಯಜಮಾನನೂ, ವಕೀಲನೂ, ಡಾಕ್ಟರೂ ಅದೇ ಮಾತನಾಡುವ ಕತೆ ಬಂದಾಗ ನಗು ತಾನಾಗಿ ನಿಲ್ಲುತ್ತದೆ. ಅಂಥ ಪ್ರಯತ್ನಗಳು ಈಚೆಗೆ ಅಲ್ಲೊಂದು ಇಲ್ಲೊಂದು ಕಾಣುತ್ತಿವೆ. ಮೊದಲ ನಾಲ್ಕಾರು ಕಂತುಗಳಲ್ಲಿದ್ದ ಬಿಸಿ ಮಾತು ಆಮೇಲಾಮೇಲೆ ಬೆಂಗಳೂರಿನ ಮಾತಿನೊಂದಿಗೆ ಕಲಸಿ ತಣ್ಣಗಾಗುವುದನ್ನೂ ಕಂಡಿದ್ದೇನೆ.